ನನ್ನ ಗಾಡಿಗೆ ನಾನೇ ಕಳ್ಳನಾದ ಬೆಳಿಗ್ಗೆ

೧೯೯೧ರಲ್ಲಿ, ಎಂಟನೇ ಇಯತ್ತೆಯ ನಡುವೆಯೇ, ನಾನು ಸಾಲಿ ಬಿಟ್ಟೆ. ಗಾಂಧಿ ಚೌಕದ ಹಿಂದಿನ ಓಣಿಯ ಗ್ಯಾರೇಜಿನಲ್ಲಿ ನಟ್ಟು ತಿರುವುವ ಪಾನಾ ಹಿಡಿದೆ. ಅಂದಿನಿಂದ ಯಾವ ಗಾಡಿಯೂ ‘ನೀನು ಯಾರು?’ ಎಂದು ನನ್ನನ್ನು ಕೇಳಿರಲಿಲ್ಲ.

ಹೋದ ಮಂಗಳವಾರ ಕೇಳಿತು. ಅದೂ ನನ್ನ ಸ್ವಂತ ಗಾಡಿ. ಅದೂ ತಿಕೋಟಾದ ರಸ್ತೆಯಲ್ಲಿ, ಓಣಿಯ ಜನವೆಲ್ಲ ಹೊರಗೆ ಬಂದು ನೋಡುತ್ತಿರುವಾಗ.

ಗಾಡಿ ಹೊಸ ಪಿಕಪ್. ಮನೆಗೆ ಬಂದು ಇನ್ನೂ ಹದಿನೆಂಟು ದಿನ. ಡೆಲಿವರಿ ತಗೊಂಡ ದಿನ ಷೋರೂಮಿನ ಹುಡುಗಿ, ರೇಣುಕಾ ಅಂತ ಹೆಸರು, ಕೈಯಲ್ಲಿ ದಪ್ಪ ಪುಸ್ತಕ ಹಿಡಿದು ನನ್ನ ಬೆನ್ನು ಹತ್ತಿದ್ದಳು.

“ಸರ್, ಹತ್ತ ಮಿನಿಟ್ ಕೊಡ್ರಿ. ಅಲಾರಂ ಹೆಂಗ, ಇಮೊಬಿಲೈಸರ್ ಹೆಂಗ, ಎಲ್ಲಾ ಹೇಳಿಬಿಡ್ತೀನಿ.”

ನಾನು ಬಂಪರಿಗೆ ಹಾರ ಕಟ್ಟುತ್ತಿದ್ದೆ. ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದೆ. ಫೋಟೊಗೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದೆ. ಹತ್ತು ಮಿನಿಟು ಎಲ್ಲಿಂದ ತರಲಿ?

“ಗೊತ್ತೈತಿ ಬಿಡವಾ ತಂಗಿ,” ಅಂದೆ. “ನೀ ಹುಟ್ಟೂಕಿಂತ ಮೊದಲ ಇಂಜಿನ್ ಬಿಚ್ಚಿ ಜೋಡಿಸಿದಾಂವ ನಾ.”

ಹುಡುಗಿ ನಕ್ಕಳು. ತನ್ನ ನಂಬರನ್ನು ನನ್ನ ಫೋನಿನಲ್ಲಿ ತಾನೇ ಸೇವ್ ಮಾಡಿ ಕೊಟ್ಟಳು. ಪುಸ್ತಕವನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಳು. ಅದು ಅಲ್ಲಿಯೇ ಮಲಗಿತ್ತು, ಪ್ಲಾಸ್ಟಿಕ್ ಕವರಿನ ಸಮೇತ.

ಮಂಗಳವಾರದ ಬಾಡಿಗೆ ಗಂಗವ್ವಕ್ಕನದು. ಗಂಗವ್ವಕ್ಕ ಜೇನು ಸಾಕುವವಳು. ತಿಕೋಟಾದ ಆಚೆ ಒಂದು ದಾಳಿಂಬೆ ತೋಟದಲ್ಲಿ ಆಕೆಯ ಮೂವತ್ತು ಪೆಟ್ಟಿಗೆ ಇದ್ದವು. ಅಲ್ಲಿ ಹೂವಿನ ಹಂಗಾಮು ಮುಗಿದಿತ್ತು. ಬಬಲೇಶ್ವರದ ಕಡೆ ಒಬ್ಬ ರೈತನ ಹೊಲದಲ್ಲಿ ಉಳ್ಳಾಗಡ್ಡಿ ಬೀಜದ ಬೆಳೆ ಹೂವಿಗೆ ಬಂದಿತ್ತು. ಜೇನು ಕೂತರೆ ಅವನಿಗೆ ಬೀಜ, ಇವಳ ಹುಳಕ್ಕೆ ಹೊಟ್ಟೆಪಾಡು. ಆ ಮೂವತ್ತು ಪೆಟ್ಟಿಗೆ ಬಿಟ್ಟರೆ ಗಂಗವ್ವಕ್ಕನಿಗೆ ಹೊಲವಿಲ್ಲ, ನೌಕರಿಯಿಲ್ಲ.

ಜೇನು ಸಾಗಿಸುವುದು ಕಲ್ಲು ಸಾಗಿಸಿದಂತಲ್ಲ. ಹಿಂದಿನ ಸಂಜೆ ಹುಳಗಳೆಲ್ಲ ಗೂಡು ಸೇರಿದ ಮೇಲೆ ಬಾಗಿಲಿಗೆ ತಂತಿಬಲೆಯ ಜಾಳಿ ಬಡಿಯುತ್ತಾರೆ. ಮರುದಿನ ಬಿಸಿಲು ಏರುವ ಮುಂಚೆ ಹೊಸ ಹೊಲದಲ್ಲಿ ಇಳಿಸಿ ಜಾಳಿ ತೆಗೆಯಬೇಕು. ಗಾಡಿ ಓಡುತ್ತಿದ್ದರೆ ಪೆಟ್ಟಿಗೆಗಳ ನಡುವೆ ಗಾಳಿ ಆಡುತ್ತದೆ. ನಿಂತರೆ ಒಳಗೆ ಕಾವು ಏರುತ್ತದೆ. ಹುಳ ಗಾಬರಿಬೀಳುತ್ತವೆ. ಗಾಬರಿಬಿದ್ದಷ್ಟೂ ಕಾವು ಇನ್ನೂ ಏರುತ್ತದೆ. (ಇದನ್ನೆಲ್ಲ ನನಗೆ ಹೇಳಿದವಳು ಗಂಗವ್ವಕ್ಕ. ಇದನ್ನಾದರೂ ಕಿವಿಗೊಟ್ಟು ಕೇಳಿದ್ದೆ, ನೋಡಿ.)

ನಸುಕಿನಲ್ಲಿ ಲೋಡ್ ಮಾಡಿ ಆರೂವರೆಗೆ ತಿಕೋಟಾಕ್ಕೆ ಬಂದೆವು. ರಸ್ತೆಯ ಬದಿಯಲ್ಲೇ ನನ್ನ ಅಕ್ಕ ಕಸ್ತೂರಿಯ ಮನೆ. ಹೊಸ ಗಾಡಿ ಅಕ್ಕನ ಮನೆ ಮುಂದೆ ನಿಲ್ಲಿಸದೆ ಹೋಗಲು ಮನಸ್ಸು ಬರುತ್ತದೆಯೇ?

“ಐದ ಮಿನಿಟ್ ಅಷ್ಟ,” ಅಂದೆ ಗಂಗವ್ವಕ್ಕನಿಗೆ.

“ಐದಂದ್ರ ಐದ. ನನ್ನ ಹುಳಕ್ಕ ಚಾ ಕುಡಿಯೂ ಚಟಾ ಇಲ್ಲೊ ತಮ್ಮಾ.”

ಇಬ್ಬರೂ ಇಳಿದೆವು, ಕೀಲಿಯ ಬಟನ್ ಒತ್ತಿ ಗಾಡಿ ಲಾಕ್ ಮಾಡಿದೆ. ಅಕ್ಕ ಗಾಡಿಗೆ ನೀರು ಸುರಿದಳು, ಕುಂಕುಮ ಹಚ್ಚಿದಳು. ಆಮೇಲೆ ಕೀಲಿ ಕೇಳಿ ಇಸಿದುಕೊಂಡು ಒಳಗೆ ಹೋದಳು. ಮಠದಲ್ಲಿ ಮಂತ್ರಿಸಿಕೊಂಡು ತಂದ ತಾಮ್ರದ ತಗಡು ನನಗಾಗಿಯೇ ಎತ್ತಿಟ್ಟಿದ್ದಳಂತೆ. ಅದನ್ನು ಕೀಲಿಯ ಕರಿ ತಲೆಯ ಸುತ್ತ ಬಿಗಿಯಾಗಿ ಮಡಚಿ, ಮೇಲೆ ಕರಿದಾರ ಸುತ್ತಿ, ಗಂಟು ಹಾಕಿ ತಂದಳು.

“ಊರ ಕಣ್ಣೆಲ್ಲಾ ನಿನ್ನ ಗಾಡಿ ಮ್ಯಾಲ ಐತಿ. ಹನ್ನೊಂದ ದಿನಾ ಬಿಚ್ಚಬ್ಯಾಡ,” ಅಂದಳು.

ನನಗೆ ಖುಷಿಯೇ ಆಯಿತು. ಕಣ್ಣು ಬೀಳುವಂಥ ಗಾಡಿ ನನ್ನದು ಎಂದಂತಾಯಿತಲ್ಲ!

ಐದು ಮಿನಿಟು ಇಪ್ಪತ್ತಾಗಿತ್ತು. ಗಾಡಿಗೆ ಬಂದೆ. ಕೀಲಿಯ ಬಟನ್ನುಗಳೆಲ್ಲ ತಗಡಿನ ಕೆಳಗೆ. ಇರಲಿ, ಹಳೆ ಕಾಲದಂತೆ ಬಾಗಿಲಿಗೆ ಕೀಲಿ ಹಾಕಿ ತಿರುವಿದೆ. ಬಾಗಿಲು ತೆರೆಯಿತು.

ಗಾಡಿ ಬಾಯಿ ಬಿಟ್ಟಿತು.

ನಾಲ್ಕೂ ಲೈಟು ಮಿಟುಕಿಸುತ್ತ ಒಂದೇ ಸಮನೆ ಬೊಬ್ಬೆ. ಎದುರಿನ ಕಟ್ಟೆಯ ಮುದುಕರು ಎದ್ದು ನಿಂತರು. ಸಾಲಿಗೆ ಹೊರಟ ಹುಡುಗಿಯರು ಕಿವಿ ಮುಚ್ಚಿಕೊಂಡು ನಕ್ಕರು. ಕೀಲಿ ಹಾಕಿ ಸ್ಟಾರ್ಟ್ ಮಾಡಿದೆ. ಇಂಜಿನ್ ತಿರುಗಿತು, ತಿರುಗಿತು, ಹೊತ್ತಿಕೊಳ್ಳಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕೀಲಿಯ ಚಿತ್ರವಿದ್ದ ಒಂದು ಕೆಂಪು ದೀಪ ಮಿಣುಕುತ್ತಿತ್ತು. (ಅದನ್ನು ಸೀಟ್ ಬೆಲ್ಟಿನ ದೀಪ ಎಂದುಕೊಂಡು ಬೆಲ್ಟ್ ಹಾಕಿಕೊಂಡೆ. ನಗಬೇಡಿ.)

ಕಟ್ಟೆಯ ಮೇಲಿಂದ ಒಬ್ಬ ಅಜ್ಜ ಕೂಗಿದ, “ಏ ಸಿದ್ದಪ್ಪ, ನಿನ್ನ ಗಾಡಿ ನೀನ ಕಳುವು ಮಾಡಾಕತ್ತಿ ಏನಲೇ?”

ಎಲ್ಲರೂ ನಕ್ಕರು. ಗಂಗವ್ವಕ್ಕ ನಗಲಿಲ್ಲ. ಆಕೆ ಹಿಂದೆ ಹೋಗಿ ಒಂದು ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತಿದ್ದಳು.

“ಈ ಒದರೂದ ಮೊದಲ ಬಂದ್ ಮಾಡೊ ಯಪ್ಪಾ. ಹುಳಾ ಎದ್ದಾವ.”

ಬ್ಯಾಟರಿಯ ವಾಯರ್ ಕಿತ್ತೆ. ಬೊಬ್ಬೆ ನಿಂತಿತು. ವಾಯರ್ ಹಚ್ಚಿದೆ. ಮತ್ತೆ ಬೊಬ್ಬೆ. ಕಿತ್ತೆ, ಹಚ್ಚಿದೆ, ಕೊನೆಗೆ ಕಿತ್ತೇ ಇಟ್ಟೆ. ಫ್ಯೂಸ್ ನೋಡಿದೆ. ಡೀಸೆಲ್ ಪೈಪು ನೋಡಿದೆ. ಫಿಲ್ಟರ್ ಬಿಚ್ಚಿದೆ. ನನ್ನ ಹಳೆಯ ಟೆಂಪೊ ಆಗಿದ್ದರೆ ಒಂದು ಸ್ಕ್ರೂಡ್ರೈವರ್ ಸಾಕಿತ್ತು. ಅದಕ್ಕೆ ಕೀಲಿಯೇ ಇರಲಿಲ್ಲ, ಎರಡು ವಾಯರ್ ಮುಟ್ಟಿಸಿ ಹನ್ನೆರಡು ವರ್ಷ ಓಡಿಸಿದ್ದೇನೆ. ಆ ಗಾಡಿಗೆ ನಾನು ಯಾರಾದರೇನು? ಕೈ ಗೊತ್ತಿತ್ತು, ಹೊರಡುತ್ತಿತ್ತು.

ಏಳೂವರೆ ಆಯಿತು. ಬಿಸಿಲು ಅಕ್ಕನ ಮಾಳಿಗೆ ಇಳಿದು ಗಾಡಿಯ ಮೇಲೆ ಬಂತು. ಫಾಲ್ಗುಣದ ಬಿಸಿಲು ನಮ್ಮ ಕಡೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಗಂಗವ್ವಕ್ಕ ಗೋಣಿತಾಟು ತೋಯಿಸಿ ಪೆಟ್ಟಿಗೆಗಳ ಮೇಲೆ ಹೊದಿಸುತ್ತಿದ್ದಳು. ಅಕ್ಕ ಕೊಡಗಟ್ಟಲೆ ನೀರು ತಂದು ಕೊಡುತ್ತಿದ್ದಳು. ಪೆಟ್ಟಿಗೆಗಳ ಒಳಗಿನ ಗುಂಯ್ ಶಬ್ದ ಏರುತ್ತಿತ್ತು. ರಸ್ತೆಯ ಈ ಬದಿಯಲ್ಲಿ ನಿಂತವನಿಗೂ ಅದು ಎದೆಯೊಳಗೆ ಕೇಳುತ್ತಿತ್ತು.

“ಜಾಳಿ ತಗದ ಬಿಡೋಣು, ಹೊರಗ ಹಾರ್ಲಿ,” ಅಂದೆ.

“ಶ್ಯಾಣ್ಯಾ ಅದಿ! ಮೂವತ್ತ ಪೆಟಗಿ ಹುಳಾ ಈ ಓಣ್ಯಾಗ ಬಿಡಲಿ? ಆ ಸಾಲಿ ಹುಡಿಗೇರ್ನ ನೀ ದವಾಖಾನಿಗೆ ಒಯ್ತಿ? ಯಾವ ಗಾಡ್ಯಾಗ ಒಯ್ತಿ?”

ಇನ್ನೊಂದು ಗಾಡಿಗೆ ಲೋಡ್ ಬದಲಿಸೋಣ ಎಂದು ಇಬ್ಬರಿಗೆ ಫೋನ್ ಮಾಡಿದೆ. ಮಾಲೇನು ಎಂದರು. ಜೇನು ಎಂದೆ. ಇಬ್ಬರಿಗೂ ಒಮ್ಮೆಲೇ ಬೇರೆ ಬಾಡಿಗೆ ನೆನಪಾಯಿತು.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಫೋನ್ ಕೈಯಲ್ಲಿದ್ದಾಗಲೇ ರೇಣುಕಾಳ ಹೆಸರು ಕಣ್ಣಿಗೆ ಬಿದ್ದಿತ್ತು. ಬೆರಳು ಅಲ್ಲಿಯವರೆಗೆ ಹೋಗಿ ತಿರುಗಿ ಬಂತು. ಷೋರೂಮ್ ಇನ್ನೂ ತೆರೆದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಆಕೆಯ ಸ್ವಂತ ನಂಬರು ಎಂಬುದು ನನಗೆ ಗೊತ್ತಿತ್ತು. ‘ಗೊತ್ತೈತಿ ಬಿಡವಾ’ ಅಂದವನು ಹದಿನೆಂಟೇ ದಿನಕ್ಕೆ ‘ಗೊತ್ತಿಲ್ಲವಾ’ ಅನ್ನುವುದು ಹೇಗೆ? ಅದೂ ಕಟ್ಟೆಯ ತುಂಬ ಕೂತ ಜನ ಕೇಳುವ ಹಾಗೆ?

ಹಾಗಾಗಿ ಇಕ್ಕಳ ತಗೊಂಡೆ. ಸ್ಟೇರಿಂಗಿನ ಕೆಳಗಿನ ಮುಚ್ಚಳ ಕಿತ್ತೆ. ಹಳೆ ಗಾಡಿಯಲ್ಲಿ ನಾಲ್ಕು ವಾಯರ್ ಇರುತ್ತಿದ್ದಲ್ಲಿ ಇಲ್ಲಿ ಜಡೆಗಟ್ಟಲೆ ವಾಯರ್. ಒಂದನ್ನು ಹಿಡಿದೆ.

ಗಂಗವ್ವಕ್ಕ ಬಂದು ಬಾಗಿಲಲ್ಲಿ ನಿಂತಳು. “ಅದನ್ನ ಕತ್ತರಿಸಿದ್ರ ಚಾಲೂ ಆಗತೈತಿ?”

“ಆಗತೈತಿ.”

“ಖರೇ ಹೇಳು.”

ಹಿಡಿದ ವಾಯರನ್ನು ಬೆರಳಲ್ಲಿ ಹೊರಳಿಸಿದೆ. ಬೆವರು ಕಣ್ಣಿಗಿಳಿಯುತ್ತಿತ್ತು.

“ಗೊತ್ತಿಲ್ಲಂದ್ರ ಗೊತ್ತಿದ್ದವರ್ನ ಕೇಳೊ. ನಡುವಿನ ಪೆಟಗಿ ಸಪ್ಪಳ ಕಡಿಮಿ ಆಗೈತಿ.”

ಸಪ್ಪಳ ಏರಿದಾಗ ಆಗದ ಹೆದರಿಕೆ ಸಪ್ಪಳ ಇಳಿದಾಗ ಆಯಿತು. ಇಕ್ಕಳ ಕೆಳಗಿಟ್ಟು ಫೋನ್ ಮಾಡಿದೆ. ಆಗ ಗಂಟೆ ಎಂಟೂ ಹತ್ತು.

ಎರಡನೇ ರಿಂಗಿಗೆ ಎತ್ತಿದಳು. ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. ನಡೆದದ್ದನ್ನು ಹೇಳಿದೆ. ಒಂದೂ ಕೊಂಕು ಮಾತಿಲ್ಲ.

“ಕೆಂಪ್ ದೀಪಾ ಮಿಣಕತೈತೇನ್ರಿ, ಕೀಲಿ ಚಿತ್ರದ್ದು?”

“ಹೌದವಾ, ಮಿಣಕತಿತ್ತ.”

“ಗಾಡಿ ನಿಮ್ಮ ಕೀಲಿ ಗುರ್ತಾ ಹಿಡಿವಲ್ದರಿ ಸರ್. ಕೀಲಿಗೆ ಏನರ ಕಟ್ಟೀರೇನ್ರಿ? ಕಬ್ಬಿಣ, ತಾಮ್ರ, ಅಂಥಾದ್ದ?”

ಕೀಲಿ ನೋಡಿದೆ. ಅಕ್ಕನನ್ನು ನೋಡಿದೆ. ಅಕ್ಕ ತುಂಬಿದ ಕೊಡ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಸ್ಪೀಕರ್ ಆನ್ ಇತ್ತು, ಆಕೆಗೂ ಎಲ್ಲ ಕೇಳಿತ್ತು.

“ಹನ್ನೊಂದ ದಿನಾ ಅಂದಿದ್ನೆಲ್ಲೊ,” ಅಂದಳು ಸಣ್ಣ ದನಿಯಲ್ಲಿ.

“ಅಕ್ಕಾರ, ಹನ್ನೊಂದ ಮಿನಿಟ್ ಇಲ್ಲ ನನ್ನ ಹುಳದ ಹಂತ್ಯಾಕ,” ಅಂದಳು ಗಂಗವ್ವಕ್ಕ.

ಅಕ್ಕ ಕೊಡ ಕೆಳಗಿಟ್ಟಳು. ನನ್ನ ಕೈಯಿಂದ ಕೀಲಿ ಕಸಿದುಕೊಂಡು ಕರಿದಾರವನ್ನು ಹಲ್ಲಿನಿಂದ ಕಡಿದಳು, ತಗಡು ಬಿಚ್ಚಿದಳು. “ಇದನ್ನ ನಿನ್ನ ತಲಿಗೆ ಕಟ್ಟಬೇಕಿತ್ತ ನಾ,” ಅಂದಳು. ಬ್ಯಾಟರಿಗೆ ವಾಯರ್ ಹಚ್ಚಿ ಬಟನ್ ಒತ್ತಿದೆ, ಎದ್ದ ಬೊಬ್ಬೆ ನಿಂತಿತು. ಕೀಲಿ ಹಾಕಿದೆ. ಕೆಂಪು ದೀಪ ಆರಿತು. ಒಂದೇ ತಿರುವಿಗೆ ಇಂಜಿನ್ ಹೊತ್ತಿಕೊಂಡಿತು.

ಬಬಲೇಶ್ವರದ ದಾರಿಯಲ್ಲಿ ಗಂಗವ್ವಕ್ಕ ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ಕಿವಿಗೊಟ್ಟೇ ಕೂತಿದ್ದಳು. ಕೆಟ್ಟ ರಸ್ತೆ ಬಂದಲ್ಲೆಲ್ಲ ನನ್ನ ಕಾಲು ಆಕ್ಸಿಲರೇಟರನ್ನು ಒಮ್ಮೆ ಒತ್ತುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಜೋರಾಗಿ ಹೋದರೆ ಪೆಟ್ಟಿಗೆ ಕುಲುಕುತ್ತವೆ, ನಿಧಾನ ಹೋದರೆ ಕಾಯುತ್ತವೆ. ಯಾವುದು ಸರಿ?

ಮರುದಿನ ನಾನೇ ಷೋರೂಮಿಗೆ ಹೋಗಿ ಆ ಹತ್ತು ಮಿನಿಟು ಕೇಳಿ ಇಸಿದುಕೊಂಡೆ. ನಿಮಗೂ ಹೇಳುತ್ತೇನೆ, ಇದು ನಿಮ್ಮ ಗಾಡಿಯಲ್ಲೂ ಇರಬಹುದು.

ಕೀಲಿಯ ಕರಿ ತಲೆಯೊಳಗೆ ಅಕ್ಕಿಕಾಳಿನಷ್ಟು ಒಂದು ಚಿಪ್ ಇದೆ. ಕೀಲಿ ಹಾಕುವ ತೂತಿನ ಸುತ್ತ ಬಳೆಯಂಥ ಒಂದು ಸುರುಳಿ ಇದೆ. ಕೀಲಿ ತಿರುವಿದೊಡನೆ ಆ ಬಳೆ ಚಿಪ್ಪನ್ನು ‘ಯಾರು?’ ಎಂದು ಕೇಳುತ್ತದೆ. ಚಿಪ್ ತನ್ನ ಗುರುತು ಹೇಳಿದರೆ ಮಾತ್ರ ಇಂಜಿನ್ನಿಗೆ ಡೀಸೆಲ್ ಹೋಗುತ್ತದೆ. ಬರೀ ಹಲ್ಲು ಕೊರೆದ ಡುಪ್ಲಿಕೇಟ್ ಕೀಲಿ ಬಾಗಿಲು ತೆರೆದೀತು, ಗಾಡಿ ಹೊರಡಿಸದು. ಚಿಪ್ಪಿಗೆ ತಾಮ್ರ ಸುತ್ತಿದರೆ ಪ್ರಶ್ನೆ ಒಳಗೆ ಹೋಗುವುದಿಲ್ಲ, ಉತ್ತರ ಹೊರಗೆ ಬರುವುದಿಲ್ಲ. ಇದು ಇಮೊಬಿಲೈಸರ್. ಅಲಾರಂ ಬೇರೆಯೇ. ರಿಮೋಟಿನಿಂದ ಲಾಕ್ ಮಾಡಿದ ಬಾಗಿಲನ್ನು ಬೇರೆ ರೀತಿ ತೆರೆದರೆ ಕೂಗುವುದಷ್ಟೇ ಅದರ ಕೆಲಸ. ಕೂಗು ಎಲ್ಲರಿಗೂ ಕೇಳುತ್ತದೆ. ಕಳ್ಳನನ್ನು ತಡೆಯುವುದು ಮಾತ್ರ ಆ ಮಾತಿಲ್ಲದ ಚಿಪ್.

ಕಾಲವೇ ಹೀಗಾಗಿದೆ ಅನಿಸುತ್ತದೆ. ರೇಷನ್ ಅಂಗಡಿಯಲ್ಲಿ ನನ್ನ ಹೆಬ್ಬೆಟ್ಟು ಮಷಿನ್ನಿಗೆ ಹೊಂದುವುದಿಲ್ಲ. ಪಾನಾ ಹಿಡಿದು ಗೆರೆಯೆಲ್ಲ ಸವೆದಿವೆ. ಬ್ಯಾಂಕಿಗೆ ಹೋದರೆ ಓಟಿಪಿ. ಈಗ ಗಾಡಿಯೂ ಗುರುತು ಕೇಳುತ್ತದೆ. ನನಗೆ ಸಿಟ್ಟು ಬರುತ್ತದೆ. ನಾನು ಯಾರೆಂದು ಈ ಊರಿಗೆ ಗೊತ್ತಿಲ್ಲವೇ?

ಆದರೆ ಆ ಬೆಳಿಗ್ಗೆಯ ಲೆಕ್ಕ ಹಾಕಿದರೆ ಸಿಟ್ಟು ಇಳಿಯುತ್ತದೆ. ತಗಡು ಕಟ್ಟಿದ್ದು ಅಕ್ಕ, ಪ್ರೀತಿಯಿಂದ ಕಟ್ಟಿದಳು. ಗಾಡಿ ನಿಂತದ್ದು ಚಿಪ್ಪಿನಿಂದ, ಅದು ತನ್ನ ಕೆಲಸ ಮಾಡಿತು. ಆ ಮೇಲಿನ ಒಂದು ಗಂಟೆಗೂ ಹೆಚ್ಚು ಹೊತ್ತು ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿದ್ದು ಯಾರು? ಒಂದು ಫೋನಿಗೆ ಎರಡು ಮಿನಿಟು ಸಾಕಿತ್ತು.

ಅಂದು ಬಬಲೇಶ್ವರದ ಆ ಹೊಲದಲ್ಲಿ ಪೆಟ್ಟಿಗೆ ಇಳಿಸಿ ಒಂದೊಂದೇ ಜಾಳಿ ತೆಗೆದೆವು. ಹುಳ ಸಿಟ್ಟಿನಿಂದ ನುಗ್ಗಿ ಬಂದವು. ನನ್ನ ಕೈಗೆ, ಕಿವಿಗೆ, ಕುತ್ತಿಗೆಗೆ ಚುಚ್ಚಿದವು. ಚುಚ್ಚಿದಷ್ಟೂ ಸಮಾಧಾನ ಆಗುತ್ತಿತ್ತು, ಜೀವಂತ ಇವೆಯಲ್ಲ! ಬೆಳ್ಳಗೆ ಅರಳಿದ ಉಳ್ಳಾಗಡ್ಡಿ ಹೂವಿನ ಮೇಲೆ ಅವು ಹರಡಿಕೊಂಡವು.

ನಡುವಿನ ನಾಲ್ಕು ಪೆಟ್ಟಿಗೆಗಳ ಜಾಳಿ ತೆಗೆದಾಗ ಏನೂ ಹೊರಗೆ ಬರಲಿಲ್ಲ.

ಗಂಗವ್ವಕ್ಕ ಮುಚ್ಚಳ ತೆರೆದು ನೋಡಿದಳು. ತಳದಲ್ಲಿ ಬೊಗಸೆಗಟ್ಟಲೆ ಹುಳ, ಒದ್ದೆಯಾಗಿ, ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು. ಮೇಣ ಕರಗಿ ಜೋತುಬಿದ್ದಿತ್ತು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

“ಏಳ ಗಂಟೇಕ್ಕ ಫೋನ್ ಹಚ್ಚಿದ್ರ ಎತ್ತತಿದ್ದಳೇನೊ ಆ ಹುಡಿಗಿ?” ಎಂದು ಕೇಳಿದಳು.

“ಎತ್ತತಿದ್ದಳಕ್ಕಾ.”

ಆಕೆ ತಲೆಯಾಡಿಸಿದಳು. ನಾಲ್ಕೂ ಪೆಟ್ಟಿಗೆಗಳನ್ನು ತಾನೇ ಎತ್ತಿ ನನ್ನ ಗಾಡಿಗೆ ಇಟ್ಟಳು. “ಒಯ್ದ ಸ್ವಚ್ಛ ತೊಳಿ. ಮಳಿ ಬಿದ್ದ ಮ್ಯಾಲ ಹೊಸಾ ಹುಳಾ ತುಂಬೂಣು. ತೊಳಿಯೂದು ಹೆಂಗಂತ ಗೊತ್ತೈತೇನ?”

“ಇಲ್ಲಕ್ಕಾ,” ಅಂದೆ. “ಹೇಳಿಕೊಡು.”

ಈಗ ನನ್ನ ಬಳಿ ಇರುವುದು ಇಷ್ಟು: ಒಂದು ಪಿಕಪ್, ಷೋರೂಮಿನವರು ಕೊಟ್ಟ ಎರಡು ಕೀಲಿ, ಅಂಗಳದಲ್ಲಿ ಒಣಗುತ್ತಿರುವ ನಾಲ್ಕು ಖಾಲಿ ಪೆಟ್ಟಿಗೆ.