ಪೂಜೆಯಾದ ಚೆಂಡು

ಚಳಿ ಶುರುವಾದಾಗಿನಿಂದ ನನ್ನ ಮೊಣಕಾಲುಗಳು ಹಟ ಹಿಡಿದು ಕೂತಿವೆ. ಮೊನ್ನೆ ಸೊಸೆ ಔಡಲೆಣ್ಣೆ ಬೆಚ್ಚಗೆ ಮಾಡಿ ತಂದಿಟ್ಟಳು. ಬಟ್ಟಲಿನಿಂದ ಆ ಜಿಡ್ಡು ವಾಸನೆ ಎದ್ದದ್ದೇ ತಡ, ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಎಣ್ಣೆಯ ವಾಸನೆಗೆ ಹೆದರುವ ಮುದುಕನನ್ನು ಯಾರಾದರೂ ಕಂಡಿದ್ದಾರೆಯೇ! ಹೇಳಿದರೆ ಡಾಕ್ಟರನ್ನು ಕರೆಸಿಬಿಡುತ್ತಾಳೆಂದು ಸುಮ್ಮನಾದೆ. ನಮ್ಮ ಡ್ರಿಲ್ ಮಾಸ್ತರರು ಕಾಲ್ಚೆಂಡಿನ ಚರ್ಮ ಬಿರಿಯಬಾರದೆಂದು ತಿಕ್ಕುತ್ತಿದ್ದದ್ದು ಇದೇ ಎಣ್ಣೆಯನ್ನು...

ನಿಜಾಮರ ಕಾಲದ ಮಾತು. ಅವರು ಕಲಬುರ್ಗಿಯ ಮೋಮಿನಪುರದವರು, ನಮ್ಮ ಕಮಲಾಪುರದ ಶಾಲೆಗೆ ತಾತ್ಕಾಲಿಕ ನೌಕರಿಯ ಮೇಲೆ ಬಂದಿದ್ದರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಮಾತಿನ ನಡುವೆ ಉಗುರು ಕಚ್ಚುವ ಚಾಳಿ. ಅವರ ವಿಧವೆ ತಾಯಿ ಮೋಮಿನಪುರದಲ್ಲಿ ಯಾರೋ ನೆಂಟರ ಮನೆಯ ಪಡಸಾಲೆಯಲ್ಲಿ, ಅವರಿವರ ಮಾತು ಕೇಳುತ್ತಾ ದಿನ ದೂಡುತ್ತಿದ್ದರಂತೆ. "ನೌಕರಿ ಕಾಯಂ ಆಗ್ಲಿ, ಅಮ್ಮೀನ ಇಲ್ಲೇ ಕರಕೊಂಡು ಬರ್ತೀನಿ" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ಕಾಯಂ ಎಂಬ ಶಬ್ದವನ್ನು ನಾವು ಕಲಿತದ್ದು ಅವರ ಬಾಯಿಂದಲೇ.

ಕಾಲ್ಚೆಂಡಿನ ಕಥೆಯನ್ನು ಅವರು ಹೇಳುತ್ತಿದ್ದ ರೀತಿಯೇ ಬೇರೆ. ವಿಲಾಯತಿಯಲ್ಲಿ ಮೊದಲು ಊರಿಗೆ ಊರೇ ಬೀದಿಗಿಳಿದು ಯಾವುದೋ ಪ್ರಾಣಿಯ ಉಬ್ಬಿಸಿದ ಮೂತ್ರಚೀಲಕ್ಕಾಗಿ ಬಡಿದಾಡುತ್ತಿತ್ತಂತೆ. ಯಾವ ಪ್ರಾಣಿ ಎಂದು ನಮ್ಮಣ್ಣ ಕೇಳಿದರೆ "ತೌಬಾ ತೌಬಾ! ಅದೊಂದು ಕೇಳಬ್ಯಾಡ ಬೇಟಾ" ಎಂದು ಕಿವಿ ಹಿಡಿದುಕೊಳ್ಳುತ್ತಿದ್ದರು. ನಮ್ಮಣ್ಣನೆಂದರೆ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಆಮೇಲೆ ಆಟ ಅಲ್ಲಿನ ಶಾಲೆಗಳಿಗೆ ಬಂತಂತೆ. ಒಂದೊಂದು ಶಾಲೆಗೆ ಒಂದೊಂದು ಕಾಯಿದೆ. ಕೆಲವರು ಚೆಂಡನ್ನು ಕೈಯಲ್ಲಿ ಹಿಡಿದು ಓಡುವವರು, ಕೆಲವರು ಕಾಲಲ್ಲೇ ಒದೆಯುವವರು. ಎರಡು ಶಾಲೆ ಕೂಡಿದರೆ ಆಟಕ್ಕಿಂತ ಜಗಳವೇ ಹೆಚ್ಚು. ಕಡೆಗೆ ಲಂಡನ್ನಿನಲ್ಲಿ ಹತ್ತಾರು ಜನ ಒಂದು ಖಾನಾವಳಿಯಂಥ ಜಾಗದಲ್ಲಿ ಕೂತು ಎಲ್ಲರಿಗೂ ಒಂದೇ ಕಾಯಿದೆ ಬರೆದರಂತೆ.

"ಕೈಯವರು ಸಿಟ್ಟಾಗಿ ಎದ್ದು ಹೋದ್ರು, ಕಾಲಿನವರು ಉಳಿದ್ರು" ಎನ್ನುತ್ತಿದ್ದರು ಮಾಸ್ತರರು. "ಅದಕ್ಕ ಇದು ಕಾಲಿನ ಆಟ. ಗೆರಿ ದಾಟಿ ಹೊರಗ ಹೋದ ಚೆಂಡು ಒಳಗ ಒಗಿಯೂವಾಗ ಬಿಟ್ಟು, ಗೋಲು ಕಾಯೂ ಗೋಲಿ ಬಿಟ್ಟು, ಯಾರ ಕೈ ಹತ್ತಿದ್ರೂ ತಪ್ಪೇ. ನಮ್ಮ ಗೋಲಿನ ಮುಂದ ಹತ್ತಿತೋ, ಮುಗೀತು! ಅವರ ಹುಡುಗ ಒಬ್ಬನ, ನಮ್ಮ ಗೋಲಿ ಒಬ್ಬನ. ಎದುರಾಬದುರ ಹೊಡಿತಾನ."

ಆ ಗೋಲಿ ನಾನೇ. ಹುಟ್ಟಾ ಪುಕ್ಕಲನಾದ ನನ್ನನ್ನು ಅಲ್ಲಿ ಯಾಕೆ ನಿಲ್ಲಿಸಿದರೋ! ಉಳಿದ ಕಾಯಿದೆಗಳೂ ಹೇಗೋ ತಲೆಗಿಳಿದವು. ಆಫ್‌ಸೈಡ್ ಒಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಮಾಸ್ತರರು ತಲೆ ಕೆರೆದುಕೊಂಡು, "ಬಡಿಸೂದಕ್ಕಿಂತ ಮೊದಲ ಹೋಗಿ ಹೋಳಿಗಿ ಬುಟ್ಟಿ ಮುಂದ ಕುಂತಂಗದು. ನಾಚಿಕಿಲ್ಲದ ಕೆಲಸ" ಎಂದರು. ಅಂದಿನಿಂದ ನಮ್ಮಲ್ಲಿ ಆ ತಪ್ಪಿಗೆ ಹೋಳಿಗಿ ಎಂದೇ ಹೆಸರಾಯಿತು.

ಆ ವರ್ಷ ದಸರೆಯ ಮುಂದೆ ಸುದ್ದಿ ಬಂತು. ಹಬ್ಬ ಮುಗಿಯುತ್ತಲೇ ಕಲಬುರ್ಗಿಯಲ್ಲಿ, ಅಲ್ಲಿನ ಶಾಲೆಯ ಹುಡುಗರ ಎದುರು ನಾವು ಆಡಬೇಕು. ಶಾಲೆಗಳ ತಪಾಸಣೆ ಮಾಡುವ ಸಾಹೇಬರು ಬಂದು ನೋಡುತ್ತಾರೆ. ಗೆದ್ದರೆ ಮಾಸ್ತರರು ಕಾಯಂ. ಸೋತರೆ, ಕಮಲಾಪುರಕ್ಕೆ ಡ್ರಿಲ್ ಮಾಸ್ತರನೇ ಬೇಡ. ಮಾಸ್ತರರ ಕೈಯಲ್ಲಿ ಕಚ್ಚಲಿಕ್ಕೆ ಉಗುರೇ ಉಳಿಯಲಿಲ್ಲ. ಹೊಸ ಚೆಂಡೊಂದನ್ನು ತರಿಸಿ, ನಮ್ಮ ಮನೆಯಲ್ಲಿ ಜೋಪಾನವಾಗಿಡಲು ಹೇಳಿ, ರಜೆಗೆ ತಾಯಿಯ ಬಳಿ ಹೋದರು.

ಜೋಪಾನವಾಗಿಯೇ ಇಟ್ಟೆವು! ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆಯ ದಿನ, ನಮ್ಮಪ್ಪ ಅಂಗಡಿಯ ತಕ್ಕಡಿ, ಹೊಲದ ಕುಡಗೋಲುಗಳ ಜೊತೆ ಚೆಂಡನ್ನೂ ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದರು. ಆಟ ನಮ್ಮ ಕಸುಬಾಗಿತ್ತಲ್ಲ! ರಜೆ ಮುಗಿಸಿ ಬಂದ ಮಾಸ್ತರರು ನೋಡಿದರೆ ಚೆಂಡು ಜಗಲಿಯ ಮೇಲೆ, ಹುಡುಗರೆಲ್ಲ ಅದರ ಮುಂದೆ ಕೈಕಟ್ಟಿ ಕೂತಿದ್ದೇವೆ. ಪೂಜೆಯಾದದ್ದನ್ನು ಒದೆಯುವವರು ಯಾರು?

"ಪೂಜಿ ಮಾಡಿದ ಕುಡಗೋಲಿಲಿ ನೀವು ಜ್ವಾಳ ಕೊಯ್ಯೂದಿಲ್ಲೇನೋ?" ಎಂದು ಕೇಳಿದರು ಮಾಸ್ತರರು.

"ಕುಡಗೋಲು ಕೈಲಿ ಹಿಡಿತೀವ್ರಿ ಮಾಸ್ತರ್ರೀ" ಎಂದ ನಮ್ಮಣ್ಣ. "ಕಾಲಿಲಿ ಒದಿಯೂದಿಲ್ಲ."

ಬೇರೆ ಚೆಂಡು ತರಿಸಲು ಹೊತ್ತಿರಲಿಲ್ಲ. ಹಳೆಯ ಚೆಂಡಿನ ಹೊಲಿಗೆ ಬಿಚ್ಚಿ ಹೋಗಿತ್ತು. ಕೊನೆಗೆ ನಮ್ಮಜ್ಜಿಯೇ ಒಳಗಿನಿಂದ ಬಂದು ಪಂಚಾಯ್ತಿ ಮುಗಿಸಿದಳು. "ಆಟಕ್ಕ ಮೊದಲ ತಪ್ಪಾತು ಅಂತ ಎಲ್ಲಾರೂ ಮುಟ್ಟಿ ಕಣ್ಣಿಗೆ ಒತ್ತಿಕೋರಿ. ಆಮ್ಯಾಗ ಒದೀರಿ. ಪಾಪ, ಆ ಮಾಸ್ತರನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ." ಮಾಸ್ತರರು ಅಜ್ಜಿಗೆ ಬಗ್ಗಿ ಸಲಾಮು ಮಾಡಿದರು. ನಮ್ಮಣ್ಣನ ಮುಖ ಮಾತ್ರ ಗೆಲುವಾಗಲಿಲ್ಲ.

ಬಂಡಿ ಹೂಡಿಕೊಂಡು ಕಲಬುರ್ಗಿಗೆ ಹೋದೆವು. ದಾರಿಯುದ್ದಕ್ಕೂ ಮಾಸ್ತರರು ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದರು. ಮೈದಾನದಲ್ಲಿ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸೀಟಿ ಊದುವ ಪಂಚ ಯಾರು? ಕಾಯಿದೆ ಪೂರಾ ಬಲ್ಲವರು ನಮ್ಮ ಮಾಸ್ತರರೊಬ್ಬರೇ, ಅವರೇ ಆಗಲೆಂದು ಸಾಹೇಬರ ಅಪ್ಪಣೆಯಾಯಿತು. ಅಜ್ಜಿ ಹೇಳಿದಂತೆ ನಾವು ಹನ್ನೊಂದು ಜನ ಚೆಂಡು ಮುಟ್ಟಿ ಕಣ್ಣಿಗೊತ್ತಿಕೊಂಡೆವು. ಕಲಬುರ್ಗಿಯ ಹುಡುಗರು ಬಿದ್ದು ಬಿದ್ದು ನಕ್ಕರು.

ಆಟ ಮುಗಿಯುತ್ತ ಬಂದಾಗ ಒಂದಕ್ಕೆ ಒಂದು ಸಮ. ಅವರ ಕಡೆಯ ಹುಡುಗನೊಬ್ಬ ಜೋರಾಗಿ ಒದ್ದ ಚೆಂಡು ನಮ್ಮಣ್ಣನ ತೊಡೆಗೆ ಬಡಿದು ಕೆಳಗೆ ಬಿತ್ತು. ಅದನ್ನು ದೂರ ಒದೆಯಲು ಹೋದವನು ಆಯ ತಪ್ಪಿ ಅಂಗಾಲಿನಿಂದ ಚೆಂಡನ್ನು ತುಳಿದುಬಿಟ್ಟ. ಒದ್ದದ್ದಲ್ಲ, ತುಳಿದದ್ದು. "ಶಿವಾ ಶಿವಾ!" ಎಂದವನೇ ಬಗ್ಗಿ ಎರಡೂ ಕೈಯಿಂದ ಚೆಂಡು ಮುಟ್ಟಿ ಕಣ್ಣಿಗೊತ್ತಿಕೊಂಡ. ಯಾರಿಗಾದರೂ ಕಾಲು ತಾಗಿದರೆ ನಾವೆಲ್ಲ ಮಾಡುವುದು ಅದನ್ನೇ ಅಲ್ಲವೇ... ಅವನು ಮಾಡಿದ್ದು ಗೋಲಿನ ಮುಂದೆ, ನನ್ನ ಕಣ್ಣೆದುರಿಗೆ.

"ಹ್ಯಾಂಡ್! ಹ್ಯಾಂಡ್!" ಎಂದು ಮೈದಾನವೆಲ್ಲ ಕೂಗಿತು. ನಾನು ಮಾಸ್ತರರ ಮುಖ ನೋಡಿದೆ. ಸೀಟಿ ತುಟಿಯ ಹತ್ತಿರ ಹೋಗಿ ನಿಂತಿತ್ತು. ಊದಬೇಡಿರಪ್ಪಾ, ಊದಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಊದಿದರು. ಅವರ ಹುಡುಗ ಹೊಡೆದ, ನಾನು ಬಲಕ್ಕೆ ಹಾರಿದೆ, ಚೆಂಡು ಎಡಕ್ಕೆ ಹೋಗಿ ಗೋಲು ಸೇರಿತು.

ಸಾಹೇಬರು ಮಾಸ್ತರರನ್ನು ಕರೆದು ಉರ್ದುವಿನಲ್ಲಿ ಏನೋ ಕೇಳಿದರು. ಮಾಸ್ತರರು ನಮ್ಮಣ್ಣನನ್ನು ತೋರಿಸಿ, ತಮ್ಮ ಕಣ್ಣಿಗೆ ಕೈ ಒತ್ತಿಕೊಂಡು ತಿಳಿಸಿ ಹೇಳಲು ಹೋದರು. ಸಾಹೇಬರು ನಕ್ಕು ಎದ್ದು ಹೋದರು. ಆ ನಗು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ವಾರಗಟ್ಟಲೆ ನಮಗೆ ಅನ್ನ ಇಳಿಯಲಿಲ್ಲ. ಟಪಾಲಿನವನು ಶಾಲೆಯತ್ತ ತಿರುಗಿದರೆ ಸಾಕು, ನಮ್ಮಣ್ಣ ಬೆವೆತುಹೋಗುತ್ತಿದ್ದ. ಕಡೆಗೆ ಹುಕುಂ ಬಂತು. ಡ್ರಿಲ್ ಮಾಸ್ತರರ ಜಾಗ ರದ್ದು.

ಮಾಸ್ತರರು ಹಾಸಿಗೆ ಸುತ್ತಿ ಬಂಡಿಗೆ ಹಾಕುವಾಗ ನಮ್ಮಣ್ಣ ಅವರ ಮುಂದೆ ನಿಂತು ಅಳುತ್ತಿದ್ದ. "ಹುಚ್ಚ ಅದಿ ಏನೋ?" ಎಂದು ಅವನ ಬೆನ್ನು ಸವರಿದರು. "ನೀ ಮಾಡಿದ್ದು ನಿನ್ನ ಮನಿ ಕಾಯಿದೆ, ನಾ ಊದಿದ್ದು ಆಟದ ಕಾಯಿದೆ. ಇಬ್ಬರದೂ ತಪ್ಪಿಲ್ಲ ಬೇಟಾ. ಕಲಬುರ್ಗಿಯೊಳಗ ಏನರ ಸಿಗ್ತದ. ಕಾಯಂ ಆದ ಮ್ಯಾಲ ಹೇಳಿ ಕಳಸ್ತೀನಿ."

ಯಾರೂ ಏನೂ ಹೇಳಿ ಕಳಿಸಲಿಲ್ಲ. ದೊಡ್ಡವರಾದ ಮೇಲೆ ನಾವಿಬ್ಬರೂ ಮೋಮಿನಪುರದಲ್ಲಿ ಮನೆ ಮನೆ ವಿಚಾರಿಸಿದೆವು. ತಾಯಿ ತೀರಿಕೊಂಡ ಮೇಲೆ ಮಾಸ್ತರರು ಹೈದರಾಬಾದಿನ ಕಡೆ ಹೋದರೆಂದು ಒಬ್ಬರು, ಇಲ್ಲ ಸೊಲ್ಲಾಪುರಕ್ಕೆ ಎಂದು ಇನ್ನೊಬ್ಬರು... ಆ ತಾಯಿ ಅದೇ ಪಡಸಾಲೆಯಲ್ಲಿ ಕಣ್ಣುಮುಚ್ಚಿದಳೆಂಬುದನ್ನು ಮಾತ್ರ ಎಲ್ಲರೂ ಹೇಳಿದರು.

ಹೋದ ವರ್ಷ ನಮ್ಮಣ್ಣ ಹಾಸಿಗೆ ಹಿಡಿದ. ಕಡೆಕಡೆಗೆ ಹೆಂಡತಿ ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, ಗಾಬರಿಯಿಂದ, "ತಮ್ಮಾ, ಟಪಾಲು ಬಂತೇನೋ? ಮಾಸ್ತರದು ಕಾಯಂ ಆತೇನು?" ಎಂದ.

"ಆತೋ ಅಣ್ಣಾ, ಆತು" ಎಂದೆ. "ಅವರಮ್ಮನೂ ಬಂದಾರ."

"ಹಂಗಾದ್ರ ಛಲೋ ಆತು" ಎಂದು ಕೈ ಬಿಟ್ಟ. ಮರುದಿನ ಹೋದ. ಕಾಯಂ ಆಗಲಿಲ್ಲವೆಂಬುದನ್ನು ಬಲ್ಲವನು ಈಗ ನಾನೊಬ್ಬನೇ ಉಳಿದಿದ್ದೇನೆ.