ಬಾಡಿಗೆಯ ತವರು

ಮಗಳ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ನಮ್ಮ ತವರೋ ಬಾಡಿಗೆಯದು, ಮಹಾರಾಷ್ಟ್ರದ ಗಡಿಯೂರು ಜತ್ತದಲ್ಲಿ ಒಂದು ಮನೆಯ ಮೇಲಂತಸ್ತಿನ ಎರಡು ಕೋಣೆ. ಸೀಮಂತದ ಕುಬಸ ಮುಗಿಸಿ ಅವಳನ್ನು ಕರೆತಂದ ವಾರದಲ್ಲೇ ಮನೆಯೊಡತಿ ಕೆಳಗಿನಿಂದ ಹತ್ತಿ ಬಂದರು. ಕೂಡಲಿಲ್ಲ. ಹೊಸದಾಗಿ ಬಣ್ಣ ಹೊಡೆಸಿದ ಗೋಡೆಯನ್ನು ಅಂಗೈಯಿಂದ ಸವರಿ, ಬಾಣಂತನ ಇಲ್ಲಿ ಬೇಡ, ಬೇರೆ ಮನೆ ನೋಡಿಕೊಳ್ಳಿ ಎಂದರು. ಮಂಚದ ಕೆಳಗೆ ಕೆಂಡ, ತಲೆಗೆ ಲೋಬಾನದ ಹೊಗೆ, ಹಂಡೆಗಟ್ಟಲೆ ಎರೆಯುವ ನೀರು, ಬೀಗರ ಓಡಾಟ ಎಂದೆಲ್ಲ ಹೇಳಿ ಕೊನೆಗೆ ಸೂತಕವನ್ನೂ ಸೇರಿಸಿದರು.

ಅದು ನನಗೆ ಚುಚ್ಚಿತು. ಅವರೂ ನಮ್ಮಂತೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು.

“ಲಿಂಗ ಕಟ್ಟಿದವರಿಗೆ ಎಲ್ಲಿ ಸೂತಕರಿ, ಅಕ್ಕಾರ?” ಎಂದೆ.

“ಲಿಂಗ ನನ್ನ ಕೊರಳಾಗೂ ಐತಿ, ತಂಗಿ. ಗ್ವಾಡಿ ಕೊರಳಾಗ ಇಲ್ಲ” ಎಂದು ಇಳಿದುಹೋದರು.

ಮನೆ ಹುಡುಕಲು ಹೊರಟೆವು. ಒಂದು ಕಡೆ ಪಾಯಖಾನೆ ರಸ್ತೆಯಾಚೆ. ಹಸಿ ಬಾಣಂತಿ ದಾಟುವುದು ಹೇಗೆ? ಇನ್ನೊಂದು ಚೆನ್ನಾಗಿತ್ತು, ಬಾಡಿಗೆ ಕೇಳಿದವಳೇ ಚಪ್ಪಲಿ ಮೆಟ್ಟಿದೆ. ಮತ್ತೊಬ್ಬರು ಜೊತೆಗಿದ್ದ ಮಗಳ ಹೊಟ್ಟೆ ನೋಡಿ, ಮನೆ ನಿನ್ನೆಯೇ ಹೋಯಿತು ಎಂದರು. ಖೋಲಿ ಬಾಡಿಗೆಗಿದೆ ಎಂಬ ಮರಾಠಿ ಹಲಗೆ ಅವರ ತಲೆಯ ಮೇಲೆಯೇ ನೇತಾಡುತ್ತಿತ್ತು. ಆ ಬಾಗಿಲಿಗೆ ನಾನು ಹಾಕಿದ ಶಾಪವನ್ನು ಗುಡ್ಡಾಪುರದ ದಾನಮ್ಮ ತಾಯಿ ಕೇಳಿಸಿಕೊಂಡಿದ್ದರೆ ಕೇಳಿಸಿಕೊಂಡಿರಲಿ, ಇಂದಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಅಷ್ಟರಲ್ಲಿ ಬೀಗತಿಯ ಫೋನು. ನಿಮ್ಮಲ್ಲಿ ಜಾಗವಿಲ್ಲದಿದ್ದರೆ ಸೊಸೆಯನ್ನು ತಿರುಗಿ ಕಳಿಸಿ, ನಮಗೆ ಸ್ವಂತ ಗೋಡೆಗಳಿವೆ ಎಂದು ನಕ್ಕರು. ಪಕ್ಕದಲ್ಲೇ ಕೂತ ಮಗಳಿಗೆ ಎಲ್ಲ ಕೇಳಿಸಿತು.

“ಕಳಸಬ್ಯಾಡವ್ವಾ” ಎಂದಳು, ಅಷ್ಟೇ.

ಕೊನೆಗೆ ಸಿಕ್ಕಿದ್ದು ಗೊಬ್ಬರದಂಗಡಿಯ ಹಿಂದಿನ ಹಳೆಯ ಗೋದಾಮು. ಮೇಲೆ ತಗಡು. ಎಷ್ಟು ತೊಳೆದರೂ ಯೂರಿಯಾ ವಾಸನೆ ಹೋಗಲಿಲ್ಲ. ಆದರೆ ನಲ್ಲಿ ಒಳಗೇ ಇತ್ತು, ಪಾಯಖಾನೆ ಹಿತ್ತಲಲ್ಲೇ ಇತ್ತು, ಬಾಗಿಲಿಗೆ ಒಳಚಿಲಕವಿತ್ತು. ದಾನಮ್ಮ ತಾಯಿ ಕೊಟ್ಟಿದ್ದನ್ನು ಕೊಟ್ಟಿಲ್ಲ ಎನ್ನಬಾರದು. ದವಾಖಾನೆಯಿಂದ ಕೂಸನ್ನು ಅಲ್ಲಿಗೇ ತಂದೆವು. ಕೆಂಡವನ್ನೂ ಹೊಗೆಯನ್ನೂ ಮನಸಾರೆ ಹಾಕಿದೆ. ಯಾರ ಗೋಡೆಗೂ ಅಂಜಲಿಲ್ಲ.

ಐದನೆಯ ದಿನ, ಕೂಸಿನ ಹಣೆಬರಹ ಬರೆಯುವ ಸಟವಿಯ ಪೂಜೆಗೆ ಅಣಿ ಮಾಡುತ್ತಿದ್ದೆ. ಹಳೆಯ ಮನೆಯೊಡತಿ ಕೂಸಿನ ತಲೆಗೆಂದು ಕುಲಾಯಿ ಹಿಡಿದು ಬಂದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಇಂಥ ಕಡೆ ಹೇಗಿರುತ್ತೀರಿ, ತಗಡು ಕಾಯುತ್ತದಲ್ಲ ಎಂದು ಮರುಗಿದರು. ಕುಲಾಯಿ ತೆಗೆದುಕೊಂಡೆ, ಚಹಾ ಕೊಟ್ಟೆ. ಅವರು ಹಿಂದಕ್ಕೆ ವಾಲಿದಾಗ ಮಾತ್ರ ಬಾಯಿ ಬಿಟ್ಟೆ.

“ಗ್ವಾಡಿಗಿ ಬೆನ್ನ ಹಚ್ಚಬ್ಯಾಡ್ರಿ, ಅಕ್ಕಾರ. ಬಾಣಂತಿ ಹೊಗಿ ಹತ್ತೈತಿ.”

ಚಹಾ ಮುಗಿಯುವವರೆಗೂ ಅವರು ನೆಟ್ಟಗೇ ಕೂತಿದ್ದರು.