ಗೋಡೆಯಂಚಿನ ಸಂದು

ಹೊಳೆನರಸೀಪುರದ ನಮ್ಮ ಮನೆಯ ನಡುಮನೆಯಲ್ಲಿ ಆ ಬೆಳಿಗ್ಗೆ ಐದು ಜನ ಇದ್ದೆವು. ಮಾವನವರು ಎಡಗೈಯನ್ನು ಬಲಗೈಯಿಂದ ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ನಮ್ಮ ಯಜಮಾನರು ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚುತ್ತಿದ್ದರು. ಚನ್ನರಾಯಪಟ್ಟಣದಿಂದ ಬಂದಿದ್ದ ನೆಲ ಹಾಕುವವನು ಕಾಫಿ ಲೋಟ ಹಿಡಿದು ಗೋಡೆಯ ಮೂಲೆಗಳನ್ನು ನೋಡುತ್ತಿದ್ದ. ಐದನೆಯವಳು ನಾನು, ಈ ಮನೆಯ ಸೊಸೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದ ಕಾಲ ಅದು.

ಮಾವನವರು ಅರಕಲಗೂಡಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಆ ವರ್ಷ ಸಂಕ್ರಾಂತಿಯ ಮಗ್ಗುಲಲ್ಲೇ ಅವರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಸೋತಿದ್ದವು. ದಿನಾ ನಡೆಸಿ ಎಂದು ಹಾಸನದ ಡಾಕ್ಟರು ಹೇಳಿದ್ದರು. ಆದರೆ ನಮ್ಮದು ಹಳೇ ಕಾಲದ ಕೆಂಪು ಗಾರೆಯ ನೆಲ, ಒರೆಸಿ ಒರೆಸಿ ನುಣುಪಾಗಿ ಹೋಗಿತ್ತು. ಅದರ ತಂಪಿಗೆ ಅವರ ಸೋತ ಪಾದದ ಬೆರಳುಗಳು ಒಳಕ್ಕೆ ಮುದುಡಿಕೊಳ್ಳುತ್ತಿದ್ದವು. ಅವರಿಗೆ ಬೇಕಾಗಿದ್ದುದು ಒಂದೇ. ತಮ್ಮ ಕೋಣೆಯಿಂದ ನಡುಮನೆ ದಾಟಿ ಜಗುಲಿಯವರೆಗೆ ನಡೆದು ಹೋಗುವುದು. ಜಗುಲಿಯಲ್ಲಿ ಕೂತರೆ ದಾರಿಯಲ್ಲಿ ಹೋಗುವ ಹಳೇ ಶಿಷ್ಯರು ಸೈಕಲ್ಲು ನಿಲ್ಲಿಸಿ ಮಾತಾಡಿಸುತ್ತಿದ್ದರು. ಮಗ ತೋಳಿಗೆ ಕೈ ಹಾಕಿದರೆ ಬಿಡಿಸಿಕೊಳ್ಳುತ್ತಿದ್ದರು. "ಎತ್ಕೊಂಡು ಹೋಗಿ ಕೂರಿಸೋದಾದ್ರೆ ನನಗೆ ಜಗುಲಿ ಬೇಡ," ಅಂದುಬಿಟ್ಟಿದ್ದರು.

ಅದಕ್ಕೇ ನಮ್ಮವರು ಹಾಸನದ ಒಂದು ಆಫೀಸಿನಲ್ಲಿ ಕಂಡ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು, ಹಲಗೆಗಳನ್ನು ತರಿಸಿದ್ದರು.

ಅತ್ತೆ ಒಂದು ಹಲಗೆಯನ್ನು ಉಗುರಿನಿಂದ ಕುಟ್ಟಿದರು. "ಮರ ಅಂದ್ಯಲ್ಲೋ. ರಟ್ಟಿನ ಹಾಗಿದೆ."

"ಲ್ಯಾಮಿನೇಟ್ ಅಂತಾರಮ್ಮ. ಒಳಗೆ ಮರದ ಪುಡಿ ಒತ್ತಿರ್ತಾರೆ. ಮೇಲೆ ಇರೋದು ಮರದ ಚಿತ್ರ."

"ನನ್ನದೂ ಈಗ ಕಾಲಿನ ಚಿತ್ರವೇ," ಎಂದರು ಮಾವನವರು. "ಜೋಡಿ ಸರಿಹೋಯ್ತು ಬಿಡು."

ನೆಲದವನು ನಗಲಿಲ್ಲ. ಹಲಗೆಗಳ ಮೇಲೆ ಕೈಯಾಡಿಸಿ, "ಸಾ, ಎಲ್ಡು ದಿನ ಇಂಗೇ ಮಲಗ್ಸಿ ಬುಡಾನ. ಈ ಮನೆ ಗಾಳಿ ಕುಡೀಲಿ. ಆಮ್ಯಾಕೆ ಜೋಡ್ಸಾನ," ಎಂದ.

"ನಾಡಿದ್ದು ಆಷಾಢ ಹುಟ್ಟುತ್ತಪ್ಪ. ಆಷಾಢದಲ್ಲಿ ಹೊಸ ನೆಲ ತುಳಿಯೋಲ್ಲ ನಮ್ಮಮ್ಮ. ಇವತ್ತೇ ಆಗ್ಬೇಕು."

"ನೀವ್ ಅಂದಂಗೆ ಸಾ. ನಾಳೀಕೆ ನನ್ನ ಬೈಬ್ಯಾಡಿ, ಅಷ್ಟೇಯ."

ಸಂಜೆಯ ಹೊತ್ತಿಗೆ ನೆಲ ಮುಗಿದಿತ್ತು. ಮೊಳೆಯಿಲ್ಲ, ಅಂಟಿಲ್ಲ. ಕೆಂಪು ನೆಲದ ಮೇಲೆ ತೆಳುವಾದ ಫೋಮ್ ಹಾಳೆ ಹಾಸಿ, ಒಂದು ಹಲಗೆಯ ನಾಲಿಗೆಯನ್ನು ಇನ್ನೊಂದರ ಬಾಯಿಗೆ ಕೊಟ್ಟು ತಟ್ಟುತ್ತ ಹೋಗಿದ್ದ. ಸುತ್ತ ಗೋಡೆಯ ಅಂಚಿನಲ್ಲಿ ಬೆಣೆ ಸಿಕ್ಕಿಸಿ, ಹಲಗೆ ಕೂತ ಮೇಲೆ ಬೆಣೆ ಕಿತ್ತು, ಕಿರುಬೆರಳು ತೂರುವಷ್ಟು ಸಂದು ಬಿಟ್ಟಿದ್ದ. ಅದನ್ನು ಮುಚ್ಚುವ ಪಟ್ಟಿಯನ್ನು ಮಾತ್ರ ತಂದಿರಲಿಲ್ಲ. "ಮುಂದಿನ್ ವಾರ ತತ್ತೀನಿ ಅಮ್ಮಾರೆ," ಎಂದು ಹೇಳಿ, ಬೆಣೆಯ ನಾಲ್ಕು ಚೂರುಗಳನ್ನು ಕಿಟಕಿಯಲ್ಲೇ ಮರೆತು ಹೋದವನು ಆಷಾಢ ಕಳೆದರೂ ಬರಲಿಲ್ಲ, ಶ್ರಾವಣದಲ್ಲೂ ಬರಲಿಲ್ಲ.

ಅಷ್ಟರಲ್ಲಿ ಮಾವನವರು ನಡೆಯತೊಡಗಿದ್ದರು. ಬೆಚ್ಚಗಿನ ಹಲಗೆಯ ಮೇಲೆ ಪಾದ ಚಪ್ಪಟೆಯಾಗಿ ಕೂರುತ್ತಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಕೋಲಿನ ಸದ್ದು ಟಕ್ ಟಕ್ ಎಂದು ಜಗುಲಿಯ ಕಡೆಗೆ ಹೋಗುವುದನ್ನು ನಾನೂ ಅತ್ತೆಯೂ ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದೆವು. ಸದ್ದು ನಿಂತರೆ ಅತ್ತೆಯ ಕೈಯೂ ನಿಲ್ಲುತ್ತಿತ್ತು.

ಒಂದು ದಿನ ಕೋಲಿನ ತುದಿ ಆ ಸಂದಿಗೆ ಸಿಕ್ಕಿ ಅವರು ಜೋಲಿ ಹೊಡೆದರು. ಬೀಳಲಿಲ್ಲ, ಬಾಗಿಲುವಾಡ ಹಿಡಿದುಕೊಂಡರು. ಅತ್ತೆ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬಿಳೀ ಸಿಮೆಂಟಿಗೆ ಕಾವಿ ಬಣ್ಣ ಕಲಸಿ, ನಡುಮನೆಯ ನಾಲ್ಕೂ ಗೋಡೆಗೆ ಸಂದು ತುಂಬಿಬಿಟ್ಟರು. ಹಳೇ ನೆಲ ಬಿರುಕು ಬಿಟ್ಟಾಗಲೆಲ್ಲ ಅವರು ಮಾಡುತ್ತಿದ್ದ ಕೆಲಸವೇ ಅದು. ಕೆಂಪು ಗೆರೆ ಎಳೆದ ಹಾಗೆ ಚೆನ್ನಾಗಿಯೇ ಕಾಣುತ್ತಿತ್ತು. "ಇರುವೆಯೂ ಬರೋಲ್ಲ, ಅಕ್ಕಿ ಕಾಳೂ ಬೀಳೋಲ್ಲ," ಎಂದರು.

ಗೌರಿ ಹಬ್ಬಕ್ಕೆ ಮನೆ ತೊಳೆಯದೆ ಇರುವುದುಂಟೆ? ಅತ್ತೆ ಬಕೆಟ್ಟು ನೀರು ಸುರಿದೇ ತೊಳೆದರು. ಹೊರಗೆ ಜಡಿಮಳೆ ಬೇರೆ. ಹಬ್ಬ ಮುಗಿದು ಎರಡು ಮೂರು ದಿನಕ್ಕೆ ನಡುಮನೆಯ ನಟ್ಟನಡುವೆ ಹಲಗೆಗಳು ಎದ್ದು ನಿಂತವು. ಕಾಲಿಟ್ಟರೆ ಕೆಳಗೆ ಟೊಳ್ಳು, ಒತ್ತಿದರೆ ಕಿರ್ರೆನ್ನುತ್ತಿತ್ತು.

"ನಡುಮನೇಲೇ ಬೆಟ್ಟ ಎದ್ದಿದೆ. ಹೈಸ್ಕೂಲಲ್ಲಿದ್ದಿದ್ರೆ ಹುಡುಗರನ್ನ ಕರ್ಕೊಂಬಂದು ತೋರಿಸ್ತಿದ್ದೆ," ಎಂದು ಮಾವನವರು ನಕ್ಕರು. ಮಾರನೆಯ ಬೆಳಿಗ್ಗೆ ಅದೇ ಉಬ್ಬಿಗೆ ಅವರ ಎಡಗಾಲು ತಗುಲಿತು. ಈ ಸಲ ಹಿಡಿದುಕೊಳ್ಳಲು ಬಾಗಿಲುವಾಡ ಹತ್ತಿರವಿರಲಿಲ್ಲ. ಮೂಳೆಗೆ ಏನೂ ಆಗಿರಲಿಲ್ಲ, ಹಣೆ ಒಡೆದಿತ್ತು. ಆ ದಿನದಿಂದ ಅವರು ಜಗುಲಿಯ ಮಾತೆತ್ತಲಿಲ್ಲ. ಕೋಲನ್ನು ಬಾಗಿಲ ಹಿಂದೆ ಇಡಲು ಹೇಳಿದರು. ಯಾರಾದರೂ ಹೊರಗಿನಿಂದ "ಮೇಷ್ಟ್ರಿದ್ದಾರಾ?" ಎಂದು ಕೇಳಿದರೆ, "ಮಲಗಿದಾರೆ ಅನ್ನಮ್ಮ," ಎಂದು ಕಣ್ಣು ತೆರೆದುಕೊಂಡೇ ನನಗೆ ಹೇಳುತ್ತಿದ್ದರು.

ನಮ್ಮವರು ಚನ್ನರಾಯಪಟ್ಟಣಕ್ಕೆ ಹೋಗಿ ಆ ನೆಲದವನನ್ನು ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಕರೆತಂದರು. ಬಂದವನು ಉಬ್ಬನ್ನು ನೋಡಲಿಲ್ಲ, ನೇರ ಗೋಡೆಯ ಬುಡಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಸಂದು ಯಾರ್ ಮುಚ್ಚಿದ್ದು ಸಾ?"

ಕೆಂಪು ಗೆರೆಯನ್ನು ಉಗುರಿನಿಂದ ಕೆರೆದು ನೋಡಿದ.

"ಥಂಡಿಗೆ ಅಲಗೆ ಬೆಳೀತದೆ. ಈ ಕಡೀಕೂ ಗ್ವಾಡೆ, ಆ ಕಡೀಕೂ ಗ್ವಾಡೆ. ಎಲ್ಲಿಗೋಯ್ತದೆ? ಮ್ಯಾಕೇ ಏಳ್ಬೇಕು." ಆಮೇಲೆ ತಲೆ ಕೆರೆದುಕೊಂಡು, "ನಂದೂ ತಪ್ಪೈತೆ ಬುಡಿ. ಗಾರೆ ನೆಲ ಮಳೇಲಿ ಬೆವರ್ತದೆ. ಅಡೀಕೆ ಪ್ಲಾಸ್ಟಿಕ್ ಹಾಸ್ಬೇಕಿತ್ತು. ಪಟ್ಟೀನೂ ತರ್ಲಿಲ್ಲ," ಎಂದ.

"ಆತುರ ಮಾಡಿದ್ದು ನಾನು," ಎಂದರು ನಮ್ಮವರು.

ಅತ್ತೆ ಒಳಗೆ ಹೋಗಿ ಹಳೇ ಮೊಂಡು ಚಾಕು ಹಿಡಿದು ಬಂದು ಗೋಡೆಯ ಬುಡದಲ್ಲಿ ಕೂತರು.

"ನೀವ್ ಬುಡಿ ಅಮ್ಮಾರೆ, ನಾ ಕೀಳ್ತೀನಿ."

"ತುಂಬಿದೋಳು ನಾನು. ನಾನೇ ತೆಗೀತೀನಿ ಬಿಡಪ್ಪ."

ಅವರು ಕೆರೆಯುತ್ತ ಹೋದರು, ನಾನು ಪುಡಿಯನ್ನು ಗುಡಿಸುತ್ತ ಹಿಂದೆ ಹೋದೆ. ನೆಲದವನು ಅಡುಗೆಮನೆಯ ಗೋಡೆಯಿಂದ ಶುರುಮಾಡಿ ಸಾಲು ಸಾಲಾಗಿ ಹಲಗೆ ಎತ್ತಿದ. ಮೂತಿ ಊದಿದ್ದವನ್ನು ಬೇರೆ ಇಟ್ಟ, ಅವು ಇನ್ನು ಕೂಡುವುದಿಲ್ಲವಂತೆ. ಉಳಿದವು ಒಣಗಲಿ ಎಂದು ನಡುಮನೆಯಲ್ಲೇ ಹರವಿಟ್ಟು ಫ್ಯಾನು ಹಾಕಿದ. ಈ ಸಲ ಯಾರೂ ಪಂಚಾಂಗ ನೋಡಲಿಲ್ಲ. ನಾವು ಹಿತ್ತಿಲ ಬಾಗಿಲಿನಿಂದ ಓಡಾಡಿಕೊಂಡೆವು. ಕೆಲವು ದಿನ ಬಿಟ್ಟು ಬಂದವನು ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಫೋಮ್ ಹಾಸಿ, ಹೊಸ ಹಲಗೆ ಸೇರಿಸಿ ಜೋಡಿಸಿದ. ಗೋಡೆಯಂಚಿಗೆ ಬೆಣೆ ಕೊಟ್ಟು ಸಂದು ಬಿಟ್ಟು, ಮೇಲೆ ಪಟ್ಟಿ ಹೊಡೆದ. ಪಟ್ಟಿಯ ಮೊಳೆ ಗೋಡೆಗೆ ಮಾತ್ರ, ಹಲಗೆಗಲ್ಲ. ಬಿಚ್ಚುವುದಾದರೆ ಯಾವ ಗೋಡೆಯಿಂದ ಬಿಚ್ಚಬೇಕು ಎಂದು ನಮ್ಮವರ ಕೈಯಲ್ಲೇ ಮಾಡಿಸಿ ತೋರಿಸಿದ. "ಇಂಡಿದ ಬಟ್ಟೇಲಿ ಒರೆಸಿ ಅಮ್ಮಾರೆ. ಬಕೀಟು ಬ್ಯಾಡ," ಎಂದ. ಅತ್ತೆ ಆಗಲಿ ಎಂದು ತಲೆಯಾಡಿಸಿದರು.

ಮಾವನವರು ವಾರವಾದರೂ ಏಳಲಿಲ್ಲ. ಒಂದು ಸಂಜೆ ಅತ್ತೆಯೇ ಬಾಗಿಲ ಹಿಂದಿನ ಕೋಲು ತಂದು ಅವರ ಮಂಚಕ್ಕೆ ಆನಿಸಿ, ಅಡುಗೆಮನೆಗೆ ಬಂದು ಹುಣಸೆಹಣ್ಣು ಕಿವುಚತೊಡಗಿದರು. ತುಂಬ ಹೊತ್ತಿನ ಮೇಲೆ ಸದ್ದು ಕೇಳಿಸಿತು. ಉಬ್ಬಿದ್ದ ಜಾಗದಲ್ಲಿ ನಿಂತಿತು. ಅತ್ತೆಯ ಕೈ ಹುಣಸೆ ನೀರಿನಲ್ಲೇ ಇತ್ತು. ಮತ್ತೆ ಟಕ್ ಟಕ್ ಎಂದು ಹೊರಟು ಜಗುಲಿ ಮುಟ್ಟಿತು.

"ಕಾಫಿ ಇಲ್ಲಿಗೇ ಕಳ್ಸೇ," ಎಂಬ ದನಿ ಬಂತು.

ಆ ನೆಲದ ಮೇಲೆ ಅವರು ಇನ್ನೆರಡು ಮಳೆಗಾಲ ನಡೆದರು. ಮೂರನೆಯದು ಕಾಣಲಿಲ್ಲ. ಒಂದು ಬೆಳಿಗ್ಗೆ ಅವರಿಗೆ ಮೇಲುಸಿರು ಶುರುವಾಯಿತು. ಹಾಸನಕ್ಕೆ ಕರೆದೊಯ್ದು ಪ್ರಯೋಜನವಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ನಮ್ಮಲ್ಲಿ ಹೋಗುವ ಜೀವವನ್ನು ಮಂಚದ ಮೇಲೆ ಬಿಡುವುದಿಲ್ಲ, ದರ್ಭೆ ಹಾಸಿ ನೆಲಕ್ಕೆ ಇಳಿಸುತ್ತೇವೆ. ನಮ್ಮವರು ನಡುಮನೆಯಲ್ಲಿ ದರ್ಭೆ ಹಾಸಲು ಬಗ್ಗಿದಾಗ ಅತ್ತೆ ತಡೆದರು.

"ಇದರ ಮೇಲೆ ಬೇಡ ಕಣೋ. ನೆಲ ಕೆಳಗಿದೆ."

ನಮ್ಮವರು ಅಡುಗೆಮನೆಯ ಗೋಡೆಯ ಪಟ್ಟಿ ಕಿತ್ತು, ಹಲಗೆಗಳನ್ನು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟರು. ಸದ್ದಿಲ್ಲದೆ ಬಿಟ್ಟುಕೊಂಡವು. ಪ್ಲಾಸ್ಟಿಕ್ ಸರಿಸಿದಾಗ ಕೆಂಪು ನೆಲ ಹಾಗೇ ಇತ್ತು. ಅತ್ತೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅಲ್ಲಿ ಅವರನ್ನು ಮಲಗಿಸಿ ತುಳಸಿ ನೀರು ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಹೋದರು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೆ, ನಮ್ಮವರು ಹಲಗೆಗಳನ್ನು ಮತ್ತೆ ಜೋಡಿಸಲು ಕೂತರು. ಕೊನೆಯ ಸಾಲಿಗೆ ಬಂದಾಗ ಅತ್ತೆ ಕಿಟಕಿಯಲ್ಲಿದ್ದ ಬೆಣೆಯ ಚೂರುಗಳನ್ನು ತಂದು, ಗೋಡೆಗೂ ಹಲಗೆಗೂ ನಡುವೆ ಒಂದೊಂದಾಗಿ ಇಟ್ಟರು. ನಮ್ಮವರು ತಟ್ಟಿ ಮುಗಿಸುವ ತನಕ ಕೊನೆಯ ಬೆಣೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ಕೂತಿದ್ದರು.